ಮಾಜಿ ಸೈನಿಕನೇ ಏಕೆ ನಾಯಕನಾಗುತ್ತಾನೆ?

(ಪರದೆಯ ಮೇಲೆ: ಹಳೆಯ ದಿನಪತ್ರಿಕೆಯ ಪುಟ. ಕ್ಯಾಮೆರಾ ನಿಧಾನವಾಗಿ ಒಂದು ಪುಟ್ಟ ಜಾಹೀರಾತಿನತ್ತ ಸರಿಯುತ್ತದೆ.)

ನಮಸ್ಕಾರ. 1920ರಲ್ಲಿ ಪ್ರಕಟವಾದ ‘ಬುಲ್‌ಡಾಗ್ ಡ್ರಮಂಡ್’ ಕಾದಂಬರಿಯ ಸಾಹಸವೆಲ್ಲ ಒಂದು ಜಾಹೀರಾತಿನಿಂದ ಶುರುವಾಗುತ್ತದೆ. ಮೊದಲ ಮಹಾಯುದ್ಧ ಮುಗಿದು ಸೇನೆಯಿಂದ ಬಿಡುಗಡೆಯಾದ ಅಧಿಕಾರಿಯೊಬ್ಬ, ಈ ಶಾಂತಿಕಾಲ ತನಗೆ ವಿಪರೀತ ಬೇಸರ ತಂದಿದೆ ಎಂದು ಪತ್ರಿಕೆಯಲ್ಲಿ ಹಾಕಿಸುತ್ತಾನೆ. ಮೈ ಬಿಸಿಯೇರಿಸುವ ಕೆಲಸ ಏನಾದರೂ ಬೇಕು. ಕಾನೂನಿನ ಮಿತಿಯಲ್ಲಿದ್ದರೆ ಒಳ್ಳೆಯದು, ಸ್ವಲ್ಪ ತಮಾಷೆಯ ಅಪರಾಧವಾದರೂ ಅಡ್ಡಿಯಿಲ್ಲವಂತೆ! ಬರೆದವರು ಎಚ್. ಸಿ. ಮೆಕ್‌ನೀಲ್, ಸ್ವತಃ ಬ್ರಿಟಿಷ್ ಸೇನೆಯ ಎಂಜಿನಿಯರ್ ಪಡೆಯಲ್ಲಿದ್ದವರು. ಪರದೇಶದವರ ಬಗ್ಗೆ ಆ ಪುಸ್ತಕಕ್ಕಿರುವ ತಿರಸ್ಕಾರವನ್ನು ಇಂದು ಓದಿದರೆ ಮುಖ ಸಿಂಡರಿಸುವಂತಾಗುತ್ತದೆ. ಆದರೆ ಅದು ಹೂಡಿದ ಆಟ ನೂರು ವರ್ಷ ಕಳೆದರೂ ನಿಂತಿಲ್ಲ.

ಸೇನೆಯಲ್ಲಿರುವವನಿಗಿಂತ ಸೇನೆ ಬಿಟ್ಟವನ ಮೇಲೆಯೇ ಥ್ರಿಲ್ಲರ್ ಲೇಖಕರಿಗೆ ಏಕಿಷ್ಟು ಮೋಹ?

ಸೇವೆಯಲ್ಲಿರುವ ಯೋಧನ ಬೆನ್ನಿಗೆ ದೊಡ್ಡ ವ್ಯವಸ್ಥೆಯೇ ಇರುತ್ತದೆ. ಆದೇಶ ಕೊಡಲು ಮೇಲಧಿಕಾರಿ, ಪಕ್ಕದಲ್ಲಿ ತುಕಡಿ, ಗಾಯವಾದರೆ ವೈದ್ಯರು. ವೈರ್‌ಲೆಸ್‌ನಲ್ಲಿ ಒಂದು ಮಾತು ಹೇಳಿದರೆ ನೆರವು ಬರುತ್ತದೆ, ನೆರವು ಬಂದರೆ ಕಥೆ ಮುಗಿಯುತ್ತದೆ. ಸೇನೆ ಬಿಟ್ಟವನಿಗೆ ಇದ್ಯಾವುದೂ ಇಲ್ಲ. ಕಲಿತ ವಿದ್ಯೆ ಕೈಯಲ್ಲಿದೆ, ಅದನ್ನು ಬಳಸುವ ಅಧಿಕಾರವಿಲ್ಲ. ರಣರಂಗದಲ್ಲಿ ಪದಕ ತಂದುಕೊಟ್ಟ ಕೆಲಸಕ್ಕೆ ಊರಿನೊಳಗೆ ಕೊಲೆ ಮೊಕದ್ದಮೆ ಬೀಳುತ್ತದೆ. ಅವನು ಖಳರ ಬೆನ್ನು ಹತ್ತಿರುವಾಗಲೇ ಪೊಲೀಸರು ಅವನ ಬೆನ್ನು ಹತ್ತಿರುತ್ತಾರೆ.

(ಪರದೆಯ ಮೇಲೆ: ನಿರ್ಜನ ಹೆದ್ದಾರಿ, ಒಬ್ಬನೇ ನಡೆದುಬರುವ ಎತ್ತರದ ವ್ಯಕ್ತಿ.)

1997ರಲ್ಲಿ ಬಂದ ಲೀ ಚೈಲ್ಡ್ ಅವರ ‘ಕಿಲ್ಲಿಂಗ್ ಫ್ಲೋರ್’ ಈ ಸೂತ್ರವನ್ನು ಮೊದಲ ಸಾಲಿನಲ್ಲೇ ಬಿಚ್ಚಿಡುತ್ತದೆ: ನಾಯಕ ಜ್ಯಾಕ್ ರೀಚರ್‌ನ ಬಂಧನ. ಅವನು ಅಮೆರಿಕದ ಸೇನಾ ಪೊಲೀಸ್ ಪಡೆಯ ಮಾಜಿ ಮೇಜರ್. ಲೇಖಕರ ಜಾಣತನ ಇಲ್ಲಿದೆ ನೋಡಿ. ಸೇನಾ ಪೊಲೀಸ್ ಆಗಿದ್ದವನಿಗೆ ಹೊಡೆದಾಟವೂ ಗೊತ್ತು, ತನಿಖೆಯೂ ಗೊತ್ತು. ಪತ್ತೇದಾರಿ ಕಥೆಗೆ ಬೇರೆ ಪಾತ್ರವೇ ಬೇಡ. ಶೀತಲ ಸಮರ ಮುಗಿದು ಸೇನೆಯ ಗಾತ್ರ ಇಳಿದಾಗ ರೀಚರ್ ಹೊರಬಂದವನು. ಲೀ ಚೈಲ್ಡ್ ಕೂಡ 1995ರಲ್ಲಿ ಬ್ರಿಟನ್ನಿನ ಟೆಲಿವಿಷನ್ ಸಂಸ್ಥೆಯೊಂದರಲ್ಲಿ ಕೆಲಸ ಕಳೆದುಕೊಂಡಿದ್ದರು. ಮನೆ, ಸಾಮಾನು ಏನೂ ಇಲ್ಲದೆ ಹಲ್ಲುಜ್ಜುವ ಬ್ರಷ್ ಒಂದನ್ನೇ ಜೇಬಿನಲ್ಲಿಟ್ಟು ಅಲೆಯುವ ನಾಯಕ ಕೆಲಸ ಹೋದವನ ಲೇಖನಿಯಿಂದ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ನನ್ನ ಮಟ್ಟಿಗೆ ಈ ಪ್ರಕಾರದ ಅತ್ಯಂತ ಗಟ್ಟಿ ಪುಸ್ತಕ ಡೇವಿಡ್ ಮೊರೆಲ್ ಅವರ ‘ಫಸ್ಟ್ ಬ್ಲಡ್’, 1972ರದು. ರ್‍ಯಾಂಬೊ ಎಂದರೆ ನಿಮಗೆ ನೆನಪಾಗುವುದು ಮೆಷಿನ್‌ಗನ್ ಹಿಡಿದ ಸಿನಿಮಾ ನಾಯಕನಾದರೆ, ಅವನನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಕಾದಂಬರಿಯ ರ್‍ಯಾಂಬೊ ವಿಯೆಟ್ನಾಂನಿಂದ ಮರಳಿದ, ಕೂದಲು ಗಡ್ಡ ಬಿಟ್ಟ ಅಲೆಮಾರಿ. ಸಣ್ಣ ಊರಿನ ಪೊಲೀಸ್ ಮುಖ್ಯಸ್ಥ ಟೀಸಲ್ ಅವನನ್ನು ಊರಾಚೆ ಬಿಟ್ಟುಬರುತ್ತಾನೆ. ಇವನು ಹಟ ಹಿಡಿದು ಮರಳಿ ಬರುತ್ತಾನೆ. ಕಾಡಿನ ಬೇಟೆ ಶುರುವಾಗುವುದು ಇಷ್ಟು ಸಣ್ಣ ಜಗಳದಿಂದ. ಟೀಸಲ್ ಕೂಡ ಕೊರಿಯಾ ಯುದ್ಧದಲ್ಲಿ ಹೋರಾಡಿ ಪದಕ ಪಡೆದವನು. ಗೌರವ ಸಿಕ್ಕ ಯುದ್ಧದ ಮಾಜಿ ಯೋಧ, ಗೌರವ ಸಿಗದ ಯುದ್ಧದ ಮಾಜಿ ಯೋಧನನ್ನು ಅಟ್ಟುತ್ತಿದ್ದಾನೆ. ಮೊರೆಲ್ ಇಬ್ಬರ ಮನಸ್ಸನ್ನೂ ಸರದಿಯಂತೆ ತೋರಿಸುವುದರಿಂದ ಓದುಗರಿಗೆ ಯಾರ ಪಕ್ಷ ವಹಿಸಬೇಕೆಂದೇ ತಿಳಿಯುವುದಿಲ್ಲ. ಕೊನೆಗೆ ರ್‍ಯಾಂಬೊ ಸಾಯುತ್ತಾನೆ. 1982ರ ಚಿತ್ರದಲ್ಲಿ ಅವನನ್ನು ಬದುಕಿಸಿದರು. ಆಮೇಲೆ ಒಂದರ ಹಿಂದೊಂದು ಮುಂದುವರಿದ ಭಾಗಗಳು ಬಂದವು, ಯುದ್ಧದ ಗಾಯವನ್ನು ಹೊತ್ತು ತಿರುಗುತ್ತಿದ್ದವನು ಅಜೇಯ ವೀರನಾದ. ಗಲ್ಲಾಪೆಟ್ಟಿಗೆ ತುಂಬಿತು, ಪಾತ್ರ ಬಡವಾಯಿತು.

ಹೊಸ ಕಾದಂಬರಿಗಳ ತೊಂದರೆಯೂ ಇದೇ. ನಾಯಕನಿಗೆ ನೋವೇ ತಟ್ಟುವುದಿಲ್ಲ. ಪಕ್ಕೆಲುಬು ಮುರಿದವನು ಎರಡು ಅಧ್ಯಾಯ ಕಳೆಯುವುದರೊಳಗೆ ಗೋಡೆ ಹಾರುತ್ತಾನೆ. ಬಂದೂಕಿನ ಮಾದರಿ, ಗುಂಡಿನ ಅಳತೆ, ದುರ್ಬೀನಿನ ಹೆಸರು ಎಂದು ಅರ್ಧ ಪುಟ ತುಂಬಿರುತ್ತದೆ, ಅದನ್ನು ಹಿಡಿದವನ ಕೈ ನಡುಗಿತೇ ಎಂಬ ಒಂದು ಸಾಲು ಇರುವುದಿಲ್ಲ. ಗಾಯದ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ ಬಿಡಿ. ಷರ್ಲಾಕ್ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ ಕೂಡ ಮಾಜಿ ಸೇನಾ ವೈದ್ಯನೇ. ಅಫ್ಘಾನಿಸ್ತಾನದ ಯುದ್ಧದಲ್ಲಿ ತಗುಲಿದ ಗುಂಡು 1887ರ ಮೊದಲ ಕಾದಂಬರಿಯಲ್ಲಿ ಅವನ ಭುಜದಲ್ಲಿತ್ತು. 1890ರ ಎರಡನೆಯದರಲ್ಲಿ ಕಾಲಿನಲ್ಲಿ!

(ಪರದೆಯ ಮೇಲೆ: ಕಪ್ಪು ಪಟ್ಟಿಗಳಿಂದ ಮುಚ್ಚಿದ ಸಾಲುಗಳಿರುವ ಮುದ್ರಿತ ಪುಟ.)

ಹಾಗಾದರೆ ನಿಜವಾದ ಸೈನಿಕರೇ ಬರೆದರೆ ಕಥೆ ಹೆಚ್ಚು ನಿಜವಾಗುತ್ತದೆಯೇ? ಬ್ರಿಟನ್ನಿನ ವಿಶೇಷ ಪಡೆಯಲ್ಲಿದ್ದ ಆಂಡಿ ಮೆಕ್‌ನ್ಯಾಬ್ ಗುಪ್ತನಾಮದಲ್ಲೇ ಬರೆಯುತ್ತಾರೆ. ಅಮೆರಿಕದ ನೌಕಾಪಡೆಯ ಸೀಲ್ ಕಮಾಂಡೊ ಆಗಿದ್ದ ಜ್ಯಾಕ್ ಕಾರ್ ಅವರ ‘ದ ಟರ್ಮಿನಲ್ ಲಿಸ್ಟ್’ 2018ರಲ್ಲಿ ಬಂತು. ಹಸ್ತಪ್ರತಿ ಮೊದಲು ರಕ್ಷಣಾ ಇಲಾಖೆಯ ಪರಿಶೀಲನೆಗೆ ಹೋಯಿತು. ಇಲಾಖೆ ತೆಗೆಸಿದ ಮಾತುಗಳಿದ್ದ ಜಾಗದಲ್ಲಿ ಕಪ್ಪು ಪಟ್ಟಿಗಳನ್ನು ಹಾಗೆಯೇ ಉಳಿಸಿ ಅಚ್ಚು ಹಾಕಿಸಿದರು. ಮಾರಾಟಕ್ಕೂ ಅದು ಒಳ್ಳೆಯ ಉಪಾಯವೇ. ಆದರೆ ವಿಯೆಟ್ನಾಂ ಯೋಧನನ್ನು ಸೃಷ್ಟಿಸಿದ ಮೊರೆಲ್ ಸೈನಿಕರಾಗಿರಲೇ ಇಲ್ಲ. ಕೆನಡಾದಲ್ಲಿ ಹುಟ್ಟಿ ಅಮೆರಿಕದ ವಿಶ್ವವಿದ್ಯಾಲಯಕ್ಕೆ ಬಂದ ಅವರು, ಅಲ್ಲಿ ಯುದ್ಧದಿಂದ ಮರಳಿ ತರಗತಿಗೆ ಬಂದು ಕುಳಿತ ಯುವಕರ ಅನುಭವ ಕೇಳಿಸಿಕೊಂಡು ಬರೆದರು.

ಈ ಬಗೆಯ ಕಾದಂಬರಿಯನ್ನು ಈವರೆಗೆ ಓದಿಯೇ ಇಲ್ಲದವರು ‘ಫಸ್ಟ್ ಬ್ಲಡ್’ನಿಂದ ಆರಂಭಿಸಿ, ರೀಚರ್ ಆಮೇಲೆ ಇರಲಿ. ನೀವು ಟೀಸಲ್ ಪಕ್ಷವೋ ರ್‍ಯಾಂಬೊ ಪಕ್ಷವೋ, ಕೆಳಗೆ ಬರೆದು ತಿಳಿಸಿ.