ಬಾನೆಟ್ ಮುಚ್ಚಿದ ಮೇಲಿನ ಮಾತು

ಎಲ್ಲರಿಗೂ ನಮಸ್ಕಾರ.

ಕಾರಿನ ಹುಚ್ಚಿರುವ ನಾಲ್ಕು ಜನ ಒಂದು ಕಡೆ ಸೇರಿದರೆ ಮೊದಲ ಅರ್ಧ ಗಂಟೆ ಏನು ಮಾತಾಡುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಯಾವ ಟೈರ್ ಹಾಕಿಸಿದ್ರಿ, ಸಸ್ಪೆನ್ಷನ್‌ನಲ್ಲಿ ಅದೇನು ಸದ್ದು, ಆ ಪಾರ್ಟ್ ಎಲ್ಲಿ ಸಿಕ್ತು. ಆಮೇಲೆ ಬಾನೆಟ್ ಮುಚ್ಚುತ್ತಾರೆ. ಆದರೆ ಯಾರೂ ಮನೆಗೆ ಹೊರಡುವುದಿಲ್ಲ. ಅಲ್ಲೇ ಕಾರಿಗೆ ಒರಗಿಕೊಂಡು ಇನ್ನೂ ಎರಡು ಗಂಟೆ ನಿಂತಿರುತ್ತಾರೆ. (ತಮ್ಮ ಕಾರಿಗೆ ಮಾತ್ರ. ಬೇರೆಯವರ ಕಾರಿಗೆ ಒರಗಿದರೆ ಸ್ನೇಹ ಅಲ್ಲಿಗೆ ಮುಗೀತು.) ಒಬ್ಬರ ಮಗಳ ಪರೀಕ್ಷೆ, ಇನ್ನೊಬ್ಬರ ಮಂಡಿನೋವು, ಮತ್ತೊಬ್ಬರು ಈ ವಯಸ್ಸಿನಲ್ಲಿ ಕಲಿಯಲು ಹೊರಟಿರುವ ಕೊಳಲು. ನಾನು ಇವತ್ತು ಹೇಳಬೇಕೆಂದಿರುವುದು ಆ ಎರಡು ಗಂಟೆಯ ಬಗ್ಗೆ.

"ಕಾರಿನ ಗುಂಪಿನಲ್ಲಿ ಕಾರಿನ ಮಾತು ಮಾತ್ರ ಇರಲಿ" ಅನ್ನುವವರಿದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಕ್ಲಚ್ ಬಗ್ಗೆ ಕೇಳಲು ಬಂದವನಿಗೆ ಕೊಳಲಿನ ಕಥೆ ಯಾಕೆ ಬೇಕು, ಅಲ್ವಾ? ಆದರೂ ನನ್ನ ಅಭಿಪ್ರಾಯ ಬೇರೆ. ಕಾರಿನ ಮಾತು ಜನರನ್ನು ಒಂದೆಡೆ ಸೇರಿಸುತ್ತದೆ. ಸೇರಿದವರು ವರ್ಷಗಟ್ಟಲೆ ಚದುರದೆ ಉಳಿಯುವುದು ಈ ಪಕ್ಕದ ಮಾತಿನಿಂದ.

ಅದಕ್ಕೊಂದು ಕಾರಣವಿದೆ. ಇಬ್ಬರು ಬಾನೆಟ್ ತೆಗೆದು ನಿಂತಿರುವುದನ್ನು ಗಮನಿಸಿ ನೋಡಿ. ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಇಬ್ಬರ ಕಣ್ಣೂ ಎಂಜಿನ್ ಮೇಲೆ. ಒಬ್ಬ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾನೆ. ತುದಿ ತಿಳಿ ಕಂದು ಬಣ್ಣ ಇದ್ದರೆ ಎಲ್ಲ ಸರಿ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ. ಎಣ್ಣೆ ಜಿಡ್ಡು ಇದ್ದರೆ ಆಯಿಲ್ ಒಳಗೆ ಬರ್ತಿದೆ, ಖರ್ಚು ಕಾದಿದೆ. ಪ್ಲಗ್ಗನ್ನು ಬೆರಳಲ್ಲಿ ತಿರುಗಿಸುತ್ತಾ ತಿರುಗಿಸುತ್ತಾ ಅವನು ಹೇಳುತ್ತಾನೆ: "ಅಪ್ಪನಿಗೆ ಹೋದ ವಾರ ಆಪರೇಷನ್ ಆಯ್ತು." ಇನ್ನೊಬ್ಬ ಬಟ್ಟೆ ಚೂರು ಅವನ ಕೈಗೆ ಕೊಟ್ಟು, "ಈಗ ಹೇಗಿದ್ದಾರೆ?" ಅನ್ನುತ್ತಾನೆ. ಇದೇ ಮನುಷ್ಯನನ್ನು ಕುರ್ಚಿ ಹಾಕಿ ಎದುರಿಗೆ ಕೂರಿಸಿ "ಮನೇಲಿ ಹೇಗೆ ನಡೀತಿದೆ, ಹೇಳಪ್ಪ" ಅಂದಿದ್ದರೆ "ಎಲ್ಲ ಚೆನ್ನಾಗಿದೆ" ಅಂದು ಎದ್ದು ಹೋಗುತ್ತಿದ್ದ. ಕೈಗೊಂದು ಕೆಲಸ, ಕಣ್ಣಿಗೊಂದು ನೆಪ ಇದ್ದರೆ ಮಾತು ತಾನಾಗಿ ಬರುತ್ತದೆ. ಗಂಡಸರಲ್ಲಿ ಇದು ಜಾಸ್ತಿ ಅಂತ ನನ್ನ ಅನುಮಾನ.

ಕಾರು ಮತ್ತು ಸಂಸಾರ ಬೇರೆ ಬೇರೆ ಅಂದುಕೊಂಡವರಿಗೆ ಮೊದಲ ದೂರ ಪ್ರಯಾಣದ ಕಥೆ ಹೇಳಲೇಬೇಕು. 1888ರ ಆಗಸ್ಟ್. ಜರ್ಮನಿಯ ಮ್ಯಾನ್‌ಹೈಮ್. ಕಾರ್ಲ್ ಬೆಂಜ್ ಗಾಡಿ ಮಾಡಿಟ್ಟಿದ್ದರು, ಕೊಳ್ಳುವವರು ಮುಂದೆ ಬರುತ್ತಿರಲಿಲ್ಲ. ಹೆಂಡತಿ ಬರ್ಥಾ ಬೆಂಜ್ ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನು, ಯೂಜೆನ್ ಮತ್ತು ರಿಚರ್ಡ್‌ನನ್ನು, ಕೂರಿಸಿಕೊಂಡು ಹೊರಟೇಬಿಟ್ಟರು. ಎಲ್ಲಿಗೆ? ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ. ಸುಮಾರು 100 ಕಿ.ಮೀ. ದಾರಿಯಲ್ಲಿ ಇಂಧನ ಮುಗೀತು. ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಅನ್ನುವ ಪೆಟ್ರೋಲಿಯಂ ದ್ರಾವಕ ಕೊಂಡು ತುಂಬಿಸಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಹ್ಯಾಟಿನ ಪಿನ್ನಿನಿಂದ ಬಿಡಿಸಿದರಂತೆ. ಏರು ಬಂದಾಗ ಇಳಿದು ತಳ್ಳಬೇಕಾಯಿತು. ವಾಪಸ್ ಬಂದ ಮೇಲೆ ಬರ್ಥಾ ಹೇಳಿದ್ದು, ಬೆಟ್ಟ ಹತ್ತಲು ಇನ್ನೊಂದು ಗೇರ್ ಬೇಕು ಅಂತ. ಕಾರಿನ ಮೊದಲ ನಿಜವಾದ ಟೆಸ್ಟ್ ಡ್ರೈವ್ ಅಂದರೆ ಮಕ್ಕಳನ್ನು ಅಜ್ಜಿ ಮನೆಗೆ ಕರೆದುಕೊಂಡು ಹೋದದ್ದು.

ಬುಗಾಟಿ ಹೆಸರು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ವೇಗದ ಲೆಕ್ಕ ಶುರು ಮಾಡುತ್ತೇವೆ. ಆ ಮನೆಯೊಳಗೆ ಹೋಗಿ ನೋಡಿದರೆ ಬೇರೆಯೇ ಇದೆ. ಕಂಪನಿ ಕಟ್ಟಿದ ಎತ್ತೋರೆ ಬುಗಾಟಿಯವರ ಅಪ್ಪ ಕಾರ್ಲೋ ಪೀಠೋಪಕರಣಗಳ ವಿನ್ಯಾಸಕಾರ. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಶಿಲ್ಪ ಮಾಡುತ್ತಿದ್ದ. ಎತ್ತೋರೆಗೆ ಕುದುರೆಗಳೆಂದರೆ ಪ್ರಾಣ. ರೆಂಬ್ರಾಂಟ್ 1916ರಲ್ಲಿ, ಇನ್ನೂ ಮೂವತ್ತೊಂದರ ವಯಸ್ಸಿನಲ್ಲಿ, ತೀರಿಕೊಂಡ. ಸುಮಾರು ಹತ್ತು ವರ್ಷದ ನಂತರ ಎತ್ತೋರೆ ತಮ್ಮ ಅತಿ ದೊಡ್ಡ ಕಾರು ರೊಯಾಲ್ ಮಾಡಿದಾಗ ಅದರ ರೇಡಿಯೇಟರ್ ಮುಚ್ಚಳದ ಮೇಲೆ ಸೊಂಡಿಲೆತ್ತಿ ನಿಂತ ಆನೆಯೊಂದು ಬಂತು. ಅದು ತಮ್ಮ ಮಾಡಿದ್ದ ಶಿಲ್ಪದಿಂದ ಬಂದದ್ದು. ಇದು ಗೊತ್ತಾದ ಮೇಲೆ ನನಗೆ ಆ ಕಾರಿನ ಎಂಜಿನ್ ಎಷ್ಟು ಲೀಟರ್ ಅನ್ನುವುದು ಅಷ್ಟು ಮುಖ್ಯ ಅನ್ನಿಸಲಿಲ್ಲ. 12.7 ಲೀಟರ್. ಅಭ್ಯಾಸಬಲ, ಹೇಳದೆ ಇರೋಕೆ ಆಗಲಿಲ್ಲ.

ಇನ್ನೊಬ್ಬರು ಜಿಮ್ ಕ್ಲಾರ್ಕ್. 1963 ಮತ್ತು 1965ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್. 1968ರಲ್ಲಿ ಹಾಕೆನ್‌ಹೈಮ್‌ನಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರು ಸ್ಕಾಟ್ಲೆಂಡಿನ ಕುರಿ ಸಾಕುವ ರೈತ ಕುಟುಂಬದವರು. ಚರ್ನ್‌ಸೈಡ್ ಊರಿನಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಮೊದಲು ಬರುವುದು ರೈತ ಅನ್ನುವ ಮಾತು. ಚಾಂಪಿಯನ್ ಅನ್ನುವುದು ಅದರ ಕೆಳಗೆ. ನಮ್ಮ ಗುಂಪಿನಲ್ಲಿ ಒಬ್ಬರನ್ನು ಹೇಗೆ ಪರಿಚಯಿಸುತ್ತೇವೆ ಯೋಚಿಸಿ. "ಇವರು ಆ ಕೆಂಪು ಹ್ಯಾಚ್‌ಬ್ಯಾಕ್‌ನವರು." ಎಷ್ಟೋ ಸಲ ಹೆಸರೂ ಗೊತ್ತಿರುವುದಿಲ್ಲ!

ಇನ್ನು ಹವ್ಯಾಸಗಳು. ಕಾರಿನವರ ಬೇರೆ ಹವ್ಯಾಸ ಕೆದಕಿದರೆ ಅಲ್ಲೂ ಅದೇ ಕಣ್ಣು, ಅದೇ ಕಿವಿ ಕಾಣುತ್ತದೆ. ಹಾಡು ಕಲಿತವರು ಎಂಜಿನ್ ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದನ್ನು ನಮಗಿಂತ ಮೊದಲು ಹಿಡಿಯುತ್ತಾರೆ. ಗಿಡ ಬೆಳೆಸುವವರನ್ನು ನೋಡಿ. ಎಲೆ ಹಳದಿಯಾದರೆ ನೀರು, ಗೊಬ್ಬರ, ಬಿಸಿಲು ಮೂರನ್ನೂ ಒಟ್ಟಿಗೆ ಬದಲಾಯಿಸುವುದಿಲ್ಲ. ಒಂದನ್ನು ಬದಲಿಸಿ ಕಾಯುತ್ತಾರೆ. ಒಳ್ಳೆಯ ಮೆಕ್ಯಾನಿಕ್ ಮಾಡುವುದೂ ಅದನ್ನೇ. ಕೆಟ್ಟ ಮೆಕ್ಯಾನಿಕ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ ಬಿಲ್ ಕೊಡುತ್ತಾನೆ.

ಫೋಟೋ ತೆಗೆಯುವವರ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓಡುವ ಕಾರನ್ನು ಅತಿ ವೇಗದ ಶಟರ್‌ನಲ್ಲಿ ಹಿಡಿದರೆ ಚಕ್ರವೂ ನಿಂತುಬಿಡುತ್ತದೆ, ಪಾರ್ಕ್ ಮಾಡಿದ ಹಾಗೆ ಕಾಣುತ್ತದೆ. ಅದಕ್ಕೇ ಶಟರನ್ನು ಸೆಕೆಂಡಿನ 1/60 ಭಾಗದ ಹತ್ತಿರಕ್ಕೆ ಇಳಿಸಿ, ಕಾಲು ಊರಿ, ಸೊಂಟದಿಂದ ಮೇಲೆ ಕಾರಿನ ಜೊತೆಗೇ ತಿರುಗುತ್ತಾರೆ. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಕಾರು ಸ್ಪಷ್ಟ, ಹಿನ್ನೆಲೆ ಗೆರೆಗೆರೆ. ಹತ್ತರಲ್ಲಿ ಒಂಬತ್ತು ಕೆಡುತ್ತವೆ, ಬೇಜಾರಾಗಬೇಡಿ. ಇದೇ ಜನ ಬೆಳಿಗ್ಗೆ ಹಾರುವ ಹಕ್ಕಿ ಹಿಡಿಯಲು ಹೋಗಿರುತ್ತಾರೆ. ಅದೇ ಸೊಂಟ, ಅದೇ ತಿರುವು.

ಮಾಡೆಲ್ ಕಾರು ಕೂಡಿಡುವವರಿಗೆ ಒಂದು ಪ್ರಶ್ನೆ. 1:43, ಅಂದರೆ ನಿಜವಾದ ಕಾರಿನ 43ರಲ್ಲಿ ಒಂದು ಪಾಲು, ಅನ್ನುವ ವಿಚಿತ್ರ ಅಳತೆ ಎಲ್ಲಿಂದ ಬಂತು? ಆಟದ ರೈಲಿನಿಂದ. ಬ್ರಿಟನ್ನಿನ 'ಓ' ಗೇಜ್ ಅನ್ನುವ ಅಳತೆಯ ಆಟದ ರೈಲುಗಳಲ್ಲಿ ನಿಜವಾದ ರೈಲಿನ ಒಂದು ಅಡಿಗೆ 7 ಮಿ.ಮೀ. ಲೆಕ್ಕ, ಅಂದರೆ ಹತ್ತಿರ ಹತ್ತಿರ 1:43. ರೈಲು ನಿಲ್ದಾಣದ ಪಕ್ಕ ನಿಲ್ಲಿಸಲು ಪುಟ್ಟ ಕಾರು ಬೇಕಾಯಿತು. ರೈಲಿನವರು ಮತ್ತು ಕಾರಿನವರು ಅಂದಿನಿಂದಲೂ ನೆಂಟರು.

ಈಗ ಮನೆಯವರ ವಿಷಯ. ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮ ಭಾನುವಾರ ಅನ್ನುವುದು ಮನೆಯಲ್ಲಿ ಇನ್ನೊಬ್ಬರ ಭಾನುವಾರವೂ ಹೌದು. "ನನ್ನ ಹೆಂಡತಿಗೆ ಕಾರೆಂದರೆ ಆಗಲ್ಲ" ಅನ್ನುವವರನ್ನು ಕೇಳಿ ನೋಡಿ, ಹೆಂಡತಿಗೆ ಏನು ಇಷ್ಟ ಅಂತ ಅವರು ಕೇಳಿರುವುದೇ ಅನುಮಾನ. ಆ ಹೆಂಡತಿಯರೂ ನಮ್ಮ ಕೂಟಕ್ಕೆ ಬಂದು, ಬಿಸಿಲಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಅವರಲ್ಲಿ ಒಬ್ಬರು ಬೆಟ್ಟ ಹತ್ತುವವರು, ಇನ್ನೊಬ್ಬರು ನಕ್ಷತ್ರ ನೋಡುವವರು ಇರಬಹುದು. ಡ್ರೈವ್ ಎಲ್ಲಿಗೆ ಅಂತ ನಿರ್ಧರಿಸುವಾಗ ಅವರನ್ನೂ ಕೇಳಿದರೆ ರಸ್ತೆ ಬದಲಾಗುತ್ತದೆ, ಅಷ್ಟೆ.

ಮಕ್ಕಳ ವಿಷಯದಲ್ಲಿ ಬ್ರೂಸ್ ಮೆಕ್‌ಲಾರೆನ್ ಉದಾಹರಣೆ ಎಲ್ಲರೂ ಕೊಡುತ್ತಾರೆ. ನ್ಯೂಜಿಲೆಂಡಿನ ಹುಡುಗ. ಸೊಂಟದ ಮೂಳೆಯ ಪರ್ಥೆಸ್ ಕಾಯಿಲೆ ಬಂದು ಬಾಲ್ಯದಲ್ಲಿ ಬಹುಕಾಲ ಮಲಗಿಯೇ ಇದ್ದ. ಅಪ್ಪನದು ಗ್ಯಾರೇಜ್. ಬಿಡಿಬಿಡಿಯಾಗಿ ಬಂದ ಆಸ್ಟಿನ್ 7 ಅಲ್ಸ್ಟರ್ ಕಾರನ್ನು ಇಬ್ಬರೂ ಸೇರಿ ಜೋಡಿಸಿದರು. ಹದಿಹರೆಯದಲ್ಲೇ ಅದರಲ್ಲಿ ಸ್ಪರ್ಧೆಗೆ ಇಳಿದ. ಮುಂದೆ ಮೆಕ್‌ಲಾರೆನ್ ರೇಸಿಂಗ್ ತಂಡ ಕಟ್ಟಿದ್ದು ನಿಮಗೆ ಗೊತ್ತು. ಆದರೆ ಇದನ್ನು ಕೇಳಿ ಮನೆಗೆ ಹೋಗಿ ಮಗುವಿನ ಕೈಗೆ ಸ್ಪ್ಯಾನರ್ ತುರುಕಬೇಡಿ. ನಾವು ಮಕ್ಕಳಿಗೆ ಕೊಡುವ ಮೊದಲ ಕೆಲಸ ಟಾರ್ಚ್ ಹಿಡಿಯುವುದು. ಅದನ್ನು ಕೊಟ್ಟು "ಅಲ್ಲಲ್ಲ, ಇಲ್ಲಿ ಹಿಡಿ, ನನ್ನ ಮುಖಕ್ಕಲ್ಲ" ಅಂತ ಬೈಯುತ್ತೇವೆ. ಅಲ್ಲಿಗೆ ಅವರಿಗೆ ಕಾರೂ ಬೇಡ, ನಾವೂ ಬೇಡ. ಟಾರ್ಚ್ ನೀವು ಹಿಡಿಯಿರಿ, ಬೋಲ್ಟ್ ಅವರು ತಿರುಗಿಸಲಿ. ಇಷ್ಟವಾಗದಿದ್ದರೆ ಓಡಿಹೋಗಲಿ ಬಿಡಿ.

ಹಂಚಿಕೊಳ್ಳುವುದಕ್ಕೂ ಮಿತಿ ಇದೆ. ಮಕ್ಕಳ ಫೋಟೋ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ. ಒಬ್ಬರು ನಂಬಿ ಹೇಳಿದ ಕಾಯಿಲೆಯ ವಿಷಯ ಅಲ್ಲೇ ಇರಲಿ.

ಕೊನೆಗೆ ಒಂದು ಕೋರಿಕೆ. ಗುಂಪಿನಿಂದ ಜನ ಕಾಣೆಯಾಗುವುದು ಯಾವಾಗ ಗಮನಿಸಿದ್ದೀರಾ? ಕಾರು ಮಾರಿದಾಗ. ಮಗು ಹುಟ್ಟಿರುತ್ತದೆ, ಸಾಲ ಇರುತ್ತದೆ, ಕಣ್ಣು ಮಂಜಾಗಿರುತ್ತದೆ. ಯಾರೂ ಹೋಗು ಅಂದಿರುವುದಿಲ್ಲ, ಆದರೆ ಕಾರಿಲ್ಲದೆ ಬರಲು ಅವರಿಗೇ ಮುಜುಗರ. ನಾವೂ ಸುಮ್ನೆ ಇದ್ದುಬಿಡುತ್ತೇವೆ. ಮೂವತ್ತು ವರ್ಷ ಗಾಡಿ ಬಿಚ್ಚಿ ಜೋಡಿಸಿದವರು, ಕಣ್ಣು ಕಾಣದಿದ್ದರೂ ಐಡಲಿಂಗ್ ಸದ್ದು (ಗಾಡಿ ನಿಂತಲ್ಲೇ ಎಂಜಿನ್ ಓಡುವ ಸದ್ದು) ಕೇಳಿಯೇ ಯಾವ ಸಿಲಿಂಡರ್ ಸರಿಯಿಲ್ಲ ಅಂತ ಹೇಳಬಲ್ಲವರು, ಮನೆಯಲ್ಲಿ ಕೂತಿರುತ್ತಾರೆ. ಮುಂದಿನ ಡ್ರೈವ್‌ಗೆ ಹೆಸರು ಬರೆಸುವಾಗ ಯಾವ ಕಾರು ಅಂತ ಕೇಳುವ ಕಾಲಂ ಪಕ್ಕದಲ್ಲೇ ಎಷ್ಟು ಸೀಟು ಖಾಲಿ ಇದೆ ಅಂತ ಇನ್ನೊಂದು ಕಾಲಂ ಹಾಕಿಸಿ. ಕಾರು ಮಾರಿದವರಿಗೆ ಫೋನ್ ಮಾಡುವ ಕೆಲಸ ನಾನು ವಹಿಸಿಕೊಳ್ಳುತ್ತೇನೆ.

ಈಗ ಪ್ರಶ್ನೆ ಇದ್ದರೆ ಕೇಳಿ. ಎಂಜಿನ್ ಆಯಿಲ್ ಬಗ್ಗೆಯೇ ಕೇಳಿದರೂ ಪರವಾಗಿಲ್ಲ.