ಸೊಳ್ಳೆ ಮರಿಗೆ ಮದ್ದು ನಾಟದಿದ್ದಾಗ

ಕೇಳುಗರೇ, ನಮಸ್ಕಾರ. ಸೊಳ್ಳೆ ಮರಿಗಳಿಗೆ ಮದ್ದು ಅಭ್ಯಾಸವಾಗಿಬಿಡುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ದಯವಿಟ್ಟು ಆ ಮಾತು ಬಿಡಿ. ಯಾವ ಮರಿಗೂ ಅಭ್ಯಾಸ ಆಗುವುದಿಲ್ಲ. ಮದ್ದು ನಾಟಿದ್ದು ಸಾಯುತ್ತದೆ, ನಾಟದೆ ಉಳಿದದ್ದು ದೊಡ್ಡದಾಗಿ ಮೊಟ್ಟೆ ಇಡುತ್ತದೆ. ಒಂದೇ ಮದ್ದನ್ನು ಮತ್ತೆ ಮತ್ತೆ ಸುರಿದರೆ ಕೊನೆಗೆ ಉಳಿಯುವುದು ಅದರ ಸಂತಾನವೇ.

ನಾನು ಹೇಳುತ್ತಿರುವುದು ಬ್ಯಾಕ್ಟೀರಿಯಾದಿಂದ ಮಾಡಿದ ಮದ್ದುಗಳ ವಿಷಯ. ಸ್ಫೇರಿಕಸ್ ಅಂತ ಒಂದಿದೆ, ಕೊಳಚೆ ನೀರಿನ ಕ್ಯೂಲೆಕ್ಸ್ ಸೊಳ್ಳೆಗೆ ಹಾಕುತ್ತಾರೆ. ಮರಿ ನೀರನ್ನು ಸೋಸಿ ತಿನ್ನುವಾಗ ಇದೂ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ವಿಷ ಕರಗಿ ಕರುಳಿನ ಗೋಡೆಗೆ ಅಂಟಬೇಕು. ಅಂಟಲು ಒಂದು ಗೂಟ ಬೇಕು, ಹಸು ಕಟ್ಟಲು ಬೇಕಲ್ವಾ, ಹಾಗೆ. ಸ್ಫೇರಿಕಸ್ ವಿಷಕ್ಕೆ ಇರುವುದು ಒಂದೇ ಗೂಟ. ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಆ ಗೂಟ ಗೋಡೆಯಲ್ಲಿ ನಿಲ್ಲುವುದಿಲ್ಲ, ಅದರ ಬುಡದ ತುಂಡೇ ಇರುವುದಿಲ್ಲ. ಒಂದು ಜೀನ್ ಕೆಟ್ಟರೆ ಸಾಕು, ಮದ್ದು ಹೊಟ್ಟೆ ತುಂಬ ಇದ್ದರೂ ಮರಿಗೆ ಏನೂ ಆಗುವುದಿಲ್ಲ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಳಿ ಟ್ರೇಯಲ್ಲಿ ಮರಿಗಳನ್ನು ಸಾಕಿ, ಪ್ರತಿ ತಲೆಮಾರಿಗೂ ಸ್ಫೇರಿಕಸ್ಸೇ ಹಾಕುತ್ತಿದ್ದೆವು. ಮೊದಮೊದಲು ಎರಡು ದಿನಕ್ಕೆ ಟ್ರೇ ತಳದಲ್ಲಿ ಸತ್ತ ಮರಿಗಳು ಕಸದ ಹಾಗೆ ಬಿದ್ದಿರುತ್ತಿದ್ದವು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ನಾಲ್ಕೈದು ಮರಿಗಳು ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ಹಚ್ಚಿಕೊಂಡು, ತಲೆ ಕೆಳಗೆ ಮಾಡಿ, ಆರಾಮಾಗಿ ತೂಗುತ್ತಿವೆ. ಮದ್ದು ಹಳತಾಗಿರಬೇಕು ಅಂದುಕೊಂಡು ಹೊಸ ಡಬ್ಬಿ ಒಡೆದು ಜಾಸ್ತಿಯೇ ಹಾಕಿದೆವು. ಊಹೂಂ. ಬೆರಳ ನೆರಳು ಬಿದ್ದರೆ ಸಾಕು, ಚುರುಕಾಗಿ ಹೊರಳಿ ಕೆಳಗಿಳಿಯುತ್ತಿದ್ದವು! ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಇಡೀ ಟ್ರೇ ಅವುಗಳದ್ದೇ. ಕೊನೆಗೆ ಅದೇ ಮರಿಗಳಿಗೆ ಬೀಟೀಐ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಮದ್ದು ಹಾಕಿದೆವು. ಮಾರನೆಯ ದಿನ ಒಂದೂ ಮಿಸುಕಲಿಲ್ಲ. ನನಗೆ ಈಗಲೂ ಆ ಟ್ರೇ ಕಣ್ಣಿಗೆ ಕಟ್ಟಿದಂತಿದೆ.

ಬೀಟೀಐ 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ. ಅದರಲ್ಲಿ ಮುಖ್ಯವಾಗಿ ನಾಲ್ಕು ವಿಷಗಳಿವೆ. ಸಿಟ್ ಅನ್ನುವ ಒಂದಕ್ಕೆ ಗೂಟವೇ ಬೇಡ, ನೇರವಾಗಿ ಗೋಡೆಗೆ ಅಂಟುತ್ತದೆ, ಅಷ್ಟೇ ಅಲ್ಲ, ಜೊತೆಯ ವಿಷಕ್ಕೆ ತಾನೇ ಗೂಟವಾಗುತ್ತದೆ. ಎಷ್ಟು ಚೆಂದದ ಏರ್ಪಾಡು ನೋಡಿ! 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಈ ನಾಲ್ಕರಲ್ಲಿ ಒಂದನ್ನೇ ತಿನ್ನಿಸುತ್ತಾ ಬಂದ ಮರಿಗಳು ಗಟ್ಟಿಯಾದವು. ನಾಲ್ಕನ್ನೂ ಒಟ್ಟಿಗೆ ತಿಂದವುಗಳಿಗೆ ಮದ್ದು ನಾಟುತ್ತಲೇ ಇತ್ತು.

ಹಾಗಾಗಿ ಒಂದನ್ನೇ ಸುರಿಯಬೇಡಿ, ಬದಲಾಯಿಸಿ. ಪ್ರಮಾಣ ಹೆಚ್ಚಿಸಿದರೆ ಸರಿಹೋಗುತ್ತದೆ ಅನ್ನುವವರಿಗೆ ಆ ಟ್ರೇ ಕಥೆ ಹೇಳಿ. ಸಮಯ ಮುಗಿಯುತ್ತಾ ಬಂತು, ಇನ್ನೊಂದೇ ಮಾತು. ಮದ್ದು ಹಾಕುವ ಮೊದಲು ಒಂದು ಸೌಟು ನೀರೆತ್ತಿ ಮರಿಗಳನ್ನು ಎಣಿಸಿಡಿ, ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಎಣಿಸಿ. ಅಲ್ಪವಿರಾಮದ ಆಕಾರದ ಪ್ಯೂಪಾ, ಅಂದರೆ ಮರಿ ಸೊಳ್ಳೆಯಾಗುವ ಮುಂಚಿನ ಹಂತ, ಕಂಡರೆ ಲೆಕ್ಕಕ್ಕೆ ಹಿಡಿಯಬೇಡಿ, ಅವು ಏನೂ ತಿನ್ನುವುದಿಲ್ಲ, ಈ ಮದ್ದಿಗೆ ಸಾಯುವುದೂ ಇಲ್ಲ.