ನದಿ ಬೆಟ್ಟ ಹತ್ತಿದ ನಕ್ಷೆ

ಗೆಳೆಯರೇ, ಪ್ರತಿ ವರ್ಷ ನಕ್ಷೆಗಾರರ ಈ ಸಮಾವೇಶಕ್ಕೆ ಬರುವಾಗ ನಮ್ಮ ಚಂದದ ನಕ್ಷೆಗಳನ್ನೇ ಆರಿಸಿ ಸುತ್ತಿಕೊಂಡು ಬರುತ್ತೇವೆ, ಅಲ್ವಾ? ಈ ಸಲ ನಾನು ಕೆಟ್ಟುಹೋದದ್ದೊಂದನ್ನು ತಂದಿದ್ದೇನೆ.

ಇದೊಂದು ಬೆಟ್ಟಸಾಲು. ಮೂರು ವಾರ ಕೂತು ನೆರಳು ಹಾಕಿದ್ದೆ. ಹಿಂದೊಮ್ಮೆ ಇದೇ ಸಮಾವೇಶದ ಗೋಡೆಗೆ ಹಾಕಿದ್ದೆ. ಒಬ್ಬರು ಬಂದು ತಲೆ ವಾರೆ ಮಾಡಿ ನೋಡಿ, ‘ಈ ನದಿ ಯಾಕೆ ಬೆಟ್ಟದ ನೆತ್ತಿ ಮೇಲೆ ಹರೀತಿದೆ?’ ಅಂದರು. ನನಗೆ ಸಿಟ್ಟು ಬಂತು. ಅವರು ಸುಮ್ನೆ ನಕ್ಷೆ ಬಿಚ್ಚಿ ತಲೆಕೆಳಗೆ ಹಿಡಿದರು. ಕಣಿವೆಗಳು ಕೆಳಗಿಳಿದವು, ಬೆಟ್ಟಗಳು ಎದ್ದು ನಿಂತವು. ಊರಿನ ಹೆಸರುಗಳು ಮಾತ್ರ ಶೀರ್ಷಾಸನ ಹಾಕಿದ್ದವು.

ಆದದ್ದಿಷ್ಟೆ. ಬೆಳಗಿನ ಬಿಸಿಲು ಆ ಬೆಟ್ಟಗಳ ಮೇಲೆ ಆಗ್ನೇಯದಿಂದ ಬೀಳುತ್ತದೆ, ನಾನೂ ಹಾಗೇ ಬಿಡಿಸಿದ್ದೆ. ಅಂದರೆ ಹಾಳೆಯ ಕೆಳತುದಿಯ ಕಡೆಯಿಂದ ಬೆಳಕು. ಆದರೆ ಬೆಳಕು ಮೇಲಿನಿಂದಲೇ ಬರುತ್ತದೆ ಅಂತ ನಮ್ಮ ಕಣ್ಣು ನಂಬಿಕೊಂಡಿದೆ. ಕೆಳಗಿನಿಂದ ಬಿಟ್ಟರೆ ಹಳ್ಳ ದಿಬ್ಬವಾಗಿ ಕಾಣುತ್ತದೆ. ಅದಕ್ಕೇ ನಕ್ಷೆಗಳಲ್ಲಿ ಬೆಳಕು ವಾಯವ್ಯದಿಂದ, ಎಡಮೇಲ್ತುದಿಯಿಂದ ಬರುವುದು. ಸ್ವಿಟ್ಜರ್ಲೆಂಡಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣದಲ್ಲಿರುತ್ತಾನೆ. ಆದರೂ ಬೆಟ್ಟಕ್ಕೆ ನೆರಳು ಹಾಕುವುದರಲ್ಲಿ ನಮಗೆಲ್ಲ ಗುರುವಾದ ಎಡ್ವರ್ಡ್ ಇಮ್ಹೋಫ್ ಆಲ್ಪ್ಸ್ ಬಿಡಿಸುವಾಗ ಹೆಚ್ಚಾಗಿ ಬೆಳಕನ್ನು ವಾಯವ್ಯದಿಂದಲೇ ಬಿಟ್ಟರು. ನಾನು ಸೂರ್ಯನ ಮಾತು ಕೇಳಿ ಕೆಟ್ಟೆ.

ಇಲ್ಲಿ ಹುಟ್ಟುವ ಹೊಸ ಯೋಚನೆಗಳಿಗೆ ವೇದಿಕೆಗಿಂತ ಜಾಸ್ತಿ ಇಂಥ ಕಿರಿಕಿರಿಯೇ ಮೂಲ ಅಂತ ನನಗನಿಸುತ್ತದೆ. ಈಕ್ವಲ್ ಅರ್ತ್ ಪ್ರೊಜೆಕ್ಷನ್ ನೋಡಿ. ಪ್ರೊಜೆಕ್ಷನ್ ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಬಗೆ. ನಮಗೆಲ್ಲ ರೂಢಿಯಾದ ಜಗತ್ತಿನ ನಕ್ಷೆಯನ್ನು ಮರ್ಕೇಟರ್ 1569ರಲ್ಲಿ ಮಾಡಿದ್ದು ನಾವಿಕರಿಗೆ. ಅದರಲ್ಲಿ ಗ್ರೀನ್‌ಲೆಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಸುಮಾರು 14 ಪಟ್ಟು ದೊಡ್ಡದು. 2017ರಲ್ಲಿ ಬಾಸ್ಟನ್ನಿನ ಸರ್ಕಾರಿ ಶಾಲೆಗಳು ಅದರ ಬದಲು ಗಾಲ್-ಪೀಟರ್ಸ್ ನಕ್ಷೆ ತಂದವು. ವಿಸ್ತೀರ್ಣವೇನೋ ಸರಿ, ಆದರೆ ಆಫ್ರಿಕಾವನ್ನು ಯಾರೋ ಎರಡೂ ತುದಿ ಹಿಡಿದು ಜಗ್ಗಿದ ಹಾಗಿದೆ. ಅದನ್ನು ನೋಡಿ ಸುಮ್ಮನಿರಲಾಗದೆ ಬೊಯಾನ್ ಶಾವ್ರಿಚ್, ಟಾಮ್ ಪ್ಯಾಟರ್ಸನ್, ಬರ್ನ್‌ಹಾರ್ಡ್ ಜೆನ್ನಿ ಸೇರಿ ವಿಸ್ತೀರ್ಣವೂ ಸರಿಯಿರುವ, ನೋಟಕ್ಕೂ ಹಿತವಾದ ಈಕ್ವಲ್ ಅರ್ತ್ ಮಾಡಿದರು. ಅದು ಹೊರಬಂದದ್ದು 2018ರಲ್ಲಿ. ಧ್ರುವದ ಕಡೆ ಆಕಾರ ಈಗಲೂ ಚಪ್ಪಟೆ. ಗುಂಡಗಿನದನ್ನು ಹಾಳೆ ಮೇಲೆ ಹರಡಿದರೆ ಎಲ್ಲಾದರೂ ಒಂದು ಕಡೆ ಸೋಲಲೇಬೇಕು.

ಬಣ್ಣದ ಬಗ್ಗೆ ಒಂದೇ ಮಾತು. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಆದರೂ ಅಪಾಯಕ್ಕೆ ಕೆಂಪು, ಕ್ಷೇಮಕ್ಕೆ ಹಸಿರು ಅಂತ ತುಂಬುವುದನ್ನು ನಾವು ಬಿಟ್ಟಿಲ್ಲ. ನಾನೂ ಬಿಟ್ಟಿರಲಿಲ್ಲ.

ಇನ್ನು 2010ರ ಹೈಟಿ ಭೂಕಂಪ. ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಬೀದಿಗಳು, ಯಾರು ಬೇಕಾದರೂ ಬರೆದು ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ನೂರಾರು ಜನ ಮನೆಯಲ್ಲೇ ಕೂತು, ಉಪಗ್ರಹ ಚಿತ್ರ ನೋಡಿ ಗೆರೆ ಎಳೆದರು. ಒಬ್ಬರ ಗೆರೆಯನ್ನು ಇನ್ನೊಬ್ಬರು ತಿದ್ದಿದರು. ಯಾರೂ ಮುಗಿಸಿ ಚಂದ ಮಾಡಿ ತೋರಿಸೋಣ ಅಂತ ಕಾಯಲಿಲ್ಲ. ರಕ್ಷಣಾ ತಂಡಗಳು ಆ ಅರೆಬರೆ ನಕ್ಷೆಯನ್ನೇ ಜಿಪಿಎಸ್‌ಗೆ ಹಾಕಿಕೊಂಡು ಓಡಾಡಿದವು.

ಹಿಂದಿನ ಗೋಡೆಯನ್ನು ಖಾಲಿ ಬಿಡಿಸಿದ್ದೇನೆ. ಪಿನ್ನುಗಳು ಮೇಜಿನ ಮೇಲಿವೆ. ಚೀಲದ ತಳದಲ್ಲಿ ಬಚ್ಚಿಟ್ಟ ನಕ್ಷೆ ಇದ್ದರೆ ತನ್ನಿ. ನನ್ನದನ್ನು ಮೊದಲು ಹಾಕುತ್ತೇನೆ, ಅಕ್ಷರ ನೆಟ್ಟಗಿರುವ ಹಾಗೆ, ನದಿ ಬೆಟ್ಟದ ಮೇಲೇ ಇರಲಿ.